ಮುಂದಿನ ಭಾಷೆ ಯಾವುದು? ನಾನು ಆರಿಸಿಕೊಂಡದ್ದು ಹೀಗೆ

ಇಂಗ್ಲಿಷ್ ಹೇಗೂ ಬರುತ್ತದೆ, ಇನ್ನೊಂದು ಭಾಷೆ ಕಲಿಯೋಣ ಅಂತ ಹೊರಟವರು ಮೊದಲು ನೋಡುವುದು ಮಾತಾಡುವವರ ಸಂಖ್ಯೆಯನ್ನು. ನಾನೂ ನೋಡಿದೆ. ಮಾತೃಭಾಷೆಯಾಗಿ ಆಡುವವರ ಲೆಕ್ಕದಲ್ಲಿ ಮ್ಯಾಂಡರಿನ್ ಎಲ್ಲಕ್ಕಿಂತ ಮೇಲೆ, ಆಮೇಲೆ ಸ್ಪ್ಯಾನಿಷ್. ಸ್ಪ್ಯಾನಿಷ್ ಅಂತೂ 20 ದೇಶಗಳ ಅಧಿಕೃತ ಭಾಷೆ, ವಿಶ್ವಸಂಸ್ಥೆಯ ಆರು ಭಾಷೆಗಳಲ್ಲೂ ಒಂದು. ಇದಕ್ಕಿಂತ ಉಪಯೋಗದ ಭಾಷೆ ಬೇಕಾ ಅನ್ನಿಸುತ್ತದೆ, ಅಲ್ವಾ? ಆದರೆ ಆ ಕೋಟಿಗಟ್ಟಲೆ ಜನರಲ್ಲಿ ನನಗೆ ಮಾತಿಗೆ ಸಿಗುವವರು ಒಬ್ಬರೂ ಇರಲಿಲ್ಲ.

ಹಾಗಾಗಿ ಬೇರೆ ಪ್ರಶ್ನೆ ಹಾಕಿಕೊಂಡೆ. ನಾನು ಹುಡುಕಿಕೊಂಡು ಹೋಗದೆಯೂ ವಾರಕ್ಕೊಮ್ಮೆಯಾದರೂ ನನ್ನ ಮುಂದೆ ಬಂದು ನಿಲ್ಲುವ ಭಾಷೆ ಯಾವುದು? ಯಂತ್ರದ ಬಿಡಿಭಾಗಗಳ ವಿನ್ಯಾಸ ನನ್ನ ಕೆಲಸ. ಮೇಜಿಗೆ ಬರುವ ಡ್ರಾಯಿಂಗ್‌ಗಳಲ್ಲಿ ಜರ್ಮನ್ ಇರುತ್ತಿತ್ತು, ಜಪಾನೀಸ್ ಅದಕ್ಕಿಂತ ಜಾಸ್ತಿ ಇರುತ್ತಿತ್ತು. ಅಳತೆಗಳನ್ನು ಯಾರು ಬೇಕಾದರೂ ಓದಬಹುದು. ಅಂಚಿನಲ್ಲಿ ಬರೆದ ಟಿಪ್ಪಣಿ ಮಾತ್ರ ಭಾಷೆ ಬರದೆ ದಕ್ಕುವುದಿಲ್ಲ. ಅಲ್ಲಿಗೆ ಉಳಿದವು ಎರಡೇ.

ಇನ್ನು ಕಷ್ಟದ ಲೆಕ್ಕ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್‌ನ ಪಟ್ಟಿಯೊಂದಿದೆ. ಅದರಲ್ಲಿ ಜರ್ಮನ್‌ಗೆ ಸುಮಾರು 36 ವಾರ, ಜಪಾನೀಸ್‌ಗೆ 88 ವಾರ, ಅಂದರೆ 2,200 ಗಂಟೆಗಳ ತರಗತಿ. ಎಷ್ಟೋ ಜನ ಈ ಅಂಕಿ ನೋಡಿಯೇ ಜಪಾನೀಸ್ ಕೈಬಿಡುತ್ತಾರೆ. ಆದರೆ ಅದೇ ಪಟ್ಟಿ ತೆಲುಗಿಗೆ 44 ವಾರ ಹೇಳುತ್ತದೆ. ಕನ್ನಡ ಬರುವವರಿಗೆ ತೆಲುಗು ಜರ್ಮನ್‌ಗಿಂತ ಕಷ್ಟ ಅಂದರೆ ಒಪ್ಪುತ್ತೀರಾ? ಆ ಪಟ್ಟಿ ಅಳೆಯುವುದು ಇಂಗ್ಲಿಷ್ ಮಾತೃಭಾಷೆಯವರಿಗೆ ಎಷ್ಟು ದೂರ ಅನ್ನುವುದನ್ನು. ನಮಗೆ ಬೇಕಾದದ್ದು ಕನ್ನಡದಿಂದ ಎಷ್ಟು ದೂರ ಅನ್ನುವುದು. ಅದನ್ನು ನಾವೇ ಅಳೆದು ನೋಡಬೇಕು.

ಅಳೆಯುವುದಕ್ಕೆ ನಾನು ಎರಡೂ ಭಾಷೆಗಳ ಮೊದಲ ಕೆಲವು ಪಾಠಗಳನ್ನು ಒಟ್ಟಿಗೇ ಓದಿದೆ. ಜರ್ಮನ್‌ನಲ್ಲಿ ಮೇಜು, ಬಾಗಿಲು, ಪುಸ್ತಕ ಪ್ರತಿಯೊಂದಕ್ಕೂ ಲಿಂಗ ಬಾಯಿಪಾಠ ಮಾಡಬೇಕು. ಜಪಾನೀಸ್‌ನಲ್ಲಿ ಆ ಗೋಜೇ ಇಲ್ಲ. ಕ್ರಿಯಾಪದ ಕೊನೆಗೆ. ನಮ್ಮ ಗೆ, ಇಂದ, ವರೆಗೆ ಹಾಗೆಯೇ ಅಲ್ಲೂ ನಿ, ಕರ, ಮದೆ ನಾಮಪದದ ನಂತರ ಬರುತ್ತವೆ. 'ನಿನ್ನೆ ಓದಿದ ಪುಸ್ತಕ' ಅನ್ನುವುದು 'ಕಿನೋ ಯೊಂದ ಹೊನ್', ಪದಕ್ಕೆ ಪದ ಅದೇ ಸಾಲು. ಇನ್ನೂ ಖುಷಿ ಕೊಟ್ಟದ್ದು ಜೋಡಿ ಕ್ರಿಯಾಪದಗಳು. 'ತಬೆತೆ ಮಿರು' ಅಂದರೆ ತಿಂದು ನೋಡು. 'ಕೈತೆ ಒಕು' ಅಂದರೆ ಬರೆದಿಡು. ಇಂಗ್ಲಿಷ್‌ನಲ್ಲಿ ಬರೆದ ಪಠ್ಯಪುಸ್ತಕ ಇದನ್ನು ವಿವರಿಸಲು ಪುಟಗಟ್ಟಲೆ ತೆಗೆದುಕೊಳ್ಳುತ್ತದೆ. ನಾನು ಒಂದು ಉದಾಹರಣೆ ನೋಡಿ ಮುಂದೆ ಹೋದೆ. ಜನರನ್ನು ಎಣಿಸುವಾಗ ನಾವು ಒಂದು, ಎರಡು ಬಿಟ್ಟು ಒಬ್ಬರು, ಇಬ್ಬರು ಅನ್ನುತ್ತೇವಲ್ಲ, ಅವರೂ ಹಿತೊರಿ, ಫುತರಿ ಅನ್ನುತ್ತಾರೆ. ತೀರ್ಮಾನ ಅಲ್ಲೇ ಆಯಿತು.

ಟಿಪ್ಪಣಿಗಳನ್ನು ರೋಮನ್ ಅಕ್ಷರದಲ್ಲಿ ಬರೆಯದೆ ಕನ್ನಡ ಲಿಪಿಯಲ್ಲೇ ಬರೆದುಕೊಂಡೆ. ಇದನ್ನು ಯಾರಿಗೆ ಬೇಕಾದರೂ ಗಟ್ಟಿಯಾಗಿ ಹೇಳುತ್ತೇನೆ, ಮಾಡಿ ನೋಡಿ. ಜಪಾನೀಸ್‌ನಲ್ಲಿ ಹ್ರಸ್ವ-ದೀರ್ಘ ತಪ್ಪಿದರೆ ಅರ್ಥವೇ ಬೇರೆ. 'ಒಬಸನ್' ಅಂದರೆ ಚಿಕ್ಕಮ್ಮನೋ ಅತ್ತೆಯೋ, 'ಒಬಾಸನ್' ಅಂದರೆ ಅಜ್ಜಿ. 'ಕಿತೆ' ಅಂದರೆ ಬಂದು, 'ಕಿತ್ತೆ' ಅಂದರೆ ಅಂಚೆಚೀಟಿ. ಕನ್ನಡದಲ್ಲಿ ಬರೆದರೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ನಾಲಿಗೆಗೂ ಹೊಸದಲ್ಲ. ಉಚ್ಚಾರಣೆಯನ್ನು ಬರೆಯುವ ಜಪಾನೀಸ್ ಲಿಪಿಗಳಾದ ಹಿರಗನ, ಕತಕನ ಎರಡರಲ್ಲೂ ಮೂಲ ಅಕ್ಷರ 46 ಇವೆ. ನಮ್ಮ ವರ್ಣಮಾಲೆ ಕಲಿತವರಿಗೆ ಅದೇನೂ ದೊಡ್ಡದಲ್ಲ. ಅವು ಬಂದ ಮೇಲೆ ಈ ಟಿಪ್ಪಣಿಗಳನ್ನು ಬಿಡಬಹುದು.

ಕಷ್ಟ ಇರುವುದು ಕಂಜಿಯಲ್ಲಿ, ಅಂದರೆ ಚೀನಾದಿಂದ ಬಂದ, ಅರ್ಥ ಸೂಚಿಸುವ ಅಕ್ಷರಗಳಲ್ಲಿ. ದಿನಬಳಕೆಗೆ ಅಂತ ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲೇ 2,136 ಇವೆ. ಇಲ್ಲಿ ಕನ್ನಡದಿಂದ ಯಾವ ಸಹಾಯವೂ ಇಲ್ಲ. ನಾನು ಪಠ್ಯಪುಸ್ತಕದ ಕ್ರಮ ಬಿಟ್ಟು ನನ್ನ ಡ್ರಾಯಿಂಗ್‌ಗಳಿಂದಲೇ ಶುರು ಮಾಡಿದೆ. ಸುಂಪೋ ಅಂದರೆ ಅಳತೆ, ಕೋಸ ಅಂದರೆ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವ ಮಿತಿ), ಅನ ಅಂದರೆ ರಂಧ್ರ, ಮೆಂತೊರಿ ಅಂದರೆ ಅಂಚನ್ನು ಓರೆಯಾಗಿ ಕತ್ತರಿಸುವುದು. 'ಬರಿ ನಕಿ ಕೊತೊ' ಅನ್ನುವ ಸಾಲು ಮತ್ತೆ ಮತ್ತೆ ಕಾಣುತ್ತದೆ. ಕತ್ತರಿಸಿದ ಅಂಚಿನಲ್ಲಿ ಬರ್, ಅಂದರೆ ಲೋಹದ ಚೂಪು ಸಿಬಿರು, ಉಳಿಯಬಾರದು ಅಂತ ಅದರ ಅರ್ಥ. ಅನುವಾದದ ಆ್ಯಪ್ ಇಲ್ಲದೆ ಈ ಸಾಲನ್ನು ಓದಿದ ದಿನ ಆದ ಸಂತೋಷ ಸಣ್ಣದಲ್ಲ. ಅದೇ ಅಕ್ಷರಗಳು ಮಾರನೆಯ ವಾರ ಇನ್ನೊಂದು ಡ್ರಾಯಿಂಗ್‌ನಲ್ಲಿ ಬರುತ್ತವೆ, ಹಾಗಾಗಿ ಮರೆಯುವುದಕ್ಕೆ ಬಿಡುವೇ ಸಿಗುವುದಿಲ್ಲ. ಹೊಸ ಅಕ್ಷರಗಳಿಗೆ ಆಂಕಿ ಬಳಸುತ್ತೇನೆ. ಮರೆಯುವ ಹೊತ್ತಿಗೆ ಸರಿಯಾಗಿ ಕಾರ್ಡ್ ಮುಂದಿಡುವ ತಂತ್ರಾಂಶ ಅದು. ಆದರೆ ಬರೀ ಆಂಕಿಯಲ್ಲಿ ಕಲಿತ ಅಕ್ಷರ ನನಗೆ ಸಾಲಿನ ನಡುವೆ ಬಂದಾಗ ಸುಲಭವಾಗಿ ಸಿಗುವುದಿಲ್ಲ.

ಕನ್ನಡಕ್ಕೆ ಹತ್ತಿರ ಅಂತ ನಂಬಿ ಹೋದರೆ ಕಾಲೆಳೆಯುವ ಜಾಗವೂ ಒಂದಿದೆ. ನಾವು 'ನಾಳೆ ಕಳಿಸುತ್ತೇನೆ' ಅನ್ನುವಾಗ 'ನಾನು' ಬಿಟ್ಟರೂ ನಡೆಯುತ್ತದೆ, ಕ್ರಿಯಾಪದದ ಕೊನೆಯಲ್ಲೇ ಅದಿದೆ. ಅವರೂ ಕರ್ತೃಪದ ಬಿಡುತ್ತಾರೆ, ಆದರೆ ಅವರ ಕ್ರಿಯಾಪದ ನಾನು, ನೀನು, ಅವರು ಮೂರಕ್ಕೂ ಒಂದೇ. 'ಅಶಿತ ಒಕುರಿಮಸು' ಅಂತ ಮೇಲ್ ಬಂದರೆ ನಾಳೆ ಕಳಿಸುವವರು ಯಾರು? ಅದನ್ನು ಹಿಂದಿನ ಮುಂದಿನ ಸಾಲುಗಳಿಂದ ಹಿಡಿಯಬೇಕು. ಇದಕ್ಕೆ ವ್ಯಾಕರಣದ ನಿಯಮ ಓದಿದರೆ ಸಾಲದು, ನಿಜವಾದ ಮೇಲ್‌ಗಳನ್ನೇ ಜಾಸ್ತಿ ಓದಬೇಕು. ಗೌರವದ ಮಾತಿನ ಮಟ್ಟಗಳೂ ಹಾಗೆಯೇ. ಬಹುವಚನ ಹಾಕಿ ಮಾತಾಡಿದರೆ ಮುಗಿಯಿತು ಅನ್ನುವ ನಮ್ಮ ಅಭ್ಯಾಸ ಅಲ್ಲಿ ಸಾಕಾಗುವುದಿಲ್ಲ, ಕ್ರಿಯಾಪದವೇ ಬದಲಾಗುತ್ತದೆ.

ಪರೀಕ್ಷೆ ಬೇಕಾ ಅಂತ ಕೇಳುತ್ತಾರೆ. ಜಪಾನೀಸ್ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಎನ್5 ಕೆಳಗಿನ ಮಟ್ಟ, ಎನ್1 ಮೇಲಿನದು. ಗುರಿ ಇಟ್ಟುಕೊಂಡು ಓದುವುದಕ್ಕೆ ಒಳ್ಳೆಯದು. ಆದರೆ ಅದರಲ್ಲಿ ಮಾತಾಡುವ ಭಾಗವೂ ಇಲ್ಲ, ಬರೆಯುವ ಭಾಗವೂ ಇಲ್ಲ. ಎಲ್ಲ ಉತ್ತರ ಆರಿಸುವ ಪ್ರಶ್ನೆಗಳೇ. ಸರ್ಟಿಫಿಕೇಟ್ ಇದ್ದೂ ಫೋನ್ ಎತ್ತಲು ಹೆದರುವವರು ಇರುವುದು ಇದರಿಂದಲೇ ಅಂತ ನನ್ನ ಅನಿಸಿಕೆ. ಅದಕ್ಕೇ ಜಪಾನ್ ಕಡೆಯ ಸಹೋದ್ಯೋಗಿಗಳ ಜೊತೆ ವಾರದ ಮೀಟಿಂಗ್‌ನ ಮೊದಲ ಕೆಲವು ನಿಮಿಷ ಜಪಾನೀಸ್‌ನಲ್ಲೇ ಮಾತಾಡೋಣ ಅಂತ ಕೇಳಿಕೊಂಡೆ. ಅವರು ಸಂತೋಷದಿಂದ ಒಪ್ಪಿದರು. ಅಲ್ಲಿ ತಡವರಿಸಿದ ವಾಕ್ಯಗಳನ್ನು ಆ ದಿನವೇ ಬರೆದಿಟ್ಟುಕೊಂಡು, ಮುಂದಿನ ವಾರ ಅವುಗಳಿಂದಲೇ ಮಾತು ಶುರು ಮಾಡುತ್ತೇನೆ.