ಎರಡನೇ ಸಲ ಅದೇ ಮನೆಗೆ: ನರ್ಸಿಂಗ್ ಪಾಠ ಮಾಡುತ್ತಾ ನನ್ನ ಅನುಭವ

ನಾನು ಮಂಡ್ಯ ಕಡೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಕಮ್ಯುನಿಟಿ ಹೆಲ್ತ್ ನರ್ಸಿಂಗ್ ಪಾಠ ಮಾಡುತ್ತೇನೆ. ನಮ್ಮದು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು. ಎಂಎಸ್ಸಿಗೆ ಈ ವಿಷಯ ತಗೊಂಡಾಗ, ಐಸಿಯು ಬಿಟ್ಟು ಹಳ್ಳಿ ಸುತ್ತೋದು ಯಾಕೆ ಅಂತ ಕೇಳಿದವರೇ ಜಾಸ್ತಿ. ಆದರೆ ವಾರ್ಡಿನಲ್ಲಿ ಕೆಲಸ ಮಾಡುವಾಗ ನಾನು ನೋಡಿದ್ದೇ ಬೇರೆ. ಸ್ಟ್ರೋಕ್ ಆಗಿ ಬಂದವರ ಮನೆಯವರನ್ನು ಕೇಳಿದರೆ, 'ಬಿಪಿ ಮಾತ್ರೆ ಕೊಟ್ಟಿದ್ರು ಮೇಡಂ, ಚೆನ್ನಾಗೇ ಇದ್ರಲ್ಲ ಅಂತ ನಿಲ್ಲಿಸಿದ್ವಿ' ಅನ್ನೋರು. ಆ ಮಾತ್ರೆ ನಿಂತಿದ್ದು ಮನೆಯಲ್ಲಿ. ಹಾಗಾಗಿ ಪಾಠವೂ ಮನೆಯಲ್ಲೇ ಆಗಬೇಕು ಅನ್ನಿಸಿತು.

ಈಗಿನ ಸಿಲಬಸ್‌ನಲ್ಲಿ ಇದು ಬಿಎಸ್ಸಿಯ 5 ಮತ್ತು 7ನೇ ಸೆಮಿಸ್ಟರ್‌ಗೆ ಬರುತ್ತದೆ. ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕು ಅಂತ ಹೇಳಿದ 1946ರ ಭೋರ್ ಸಮಿತಿ ವರದಿ, ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಸಿಗಬೇಕು ಅಂದ 1978ರ ಆಲ್ಮಾ ಆಟಾ ಘೋಷಣೆ, ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಆರೋಗ್ಯ ಉಪಕೇಂದ್ರ, 30,000 ಜನಕ್ಕೆ ಒಂದು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಇದೆಲ್ಲ ಮಕ್ಕಳು ಪರೀಕ್ಷೆ ಹತ್ತಿರ ಬಂದರೆ ಓದಿಕೊಂಡುಬಿಡುತ್ತಾರೆ. ಅದಕ್ಕೆ ನಾನು ಜಾಸ್ತಿ ಹೊತ್ತು ಹಾಕುವುದಿಲ್ಲ.

ಕಷ್ಟ ಇರೋದು ಮನೆ ಭೇಟಿಯಲ್ಲಿ. ಬ್ಯಾಗ್ ಟೆಕ್ನಿಕ್ ಅಂತ ಕಲಿಸುತ್ತೇವೆ: ಪೇಪರ್ ಹಾಸಿ ಬ್ಯಾಗ್ ಇಡಬೇಕು, ಮೊದಲು ಸೋಪು, ಟವೆಲ್ ತೆಗೆದು ಕೈ ತೊಳೆಯಬೇಕು, ಆಮೇಲೆ ಉಳಿದದ್ದಕ್ಕೆ ಕೈ ಹಾಕಬೇಕು. ಲ್ಯಾಬ್‌ನಲ್ಲಿ ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ. ಹಳ್ಳಿ ಮನೆಗೆ ಹೋದರೆ ನಲ್ಲಿ ಹೊರಗಡೆ, ನೆಲ ಈಗಷ್ಟೇ ಸಾರಿಸಿದ್ದು, ಅಜ್ಜಿ ಆಗಲೇ ಟೀಗೆ ಇಟ್ಟಿರುತ್ತಾರೆ. ಅದಕ್ಕೇ ಮೊದಲ ಭೇಟಿ ನಾನೇ ಮಾಡಿ ತೋರಿಸುತ್ತೇನೆ, ಮಕ್ಕಳು ಸುಮ್ನೆ ಕೂತು ನೋಡಬೇಕು. ಟೀ ಬಂದರೆ ಬೇಡ ಅನ್ನಲ್ಲ, ಆದರೆ ಬಿಪಿ ನೋಡಬೇಕಾದವರು ಕುಡಿಯೋದನ್ನು ಸ್ವಲ್ಪ ತಡ ಮಾಡಿಸುತ್ತೇನೆ, ಕುಡಿದಾಗಿದ್ದರೆ ಅರ್ಧ ಗಂಟೆ ಕಾಯುತ್ತೇವೆ. ಪುಸ್ತಕದಲ್ಲಿ ಕುರ್ಚಿ ಇರುತ್ತದೆ, ಕಾಲು ನೆಲಕ್ಕೆ ತಾಗಿರುತ್ತದೆ. ಇಲ್ಲಿ ಅಜ್ಜಿ ಚಾಪೆ ಮೇಲೆ ಕೂತಿರುತ್ತಾರೆ. ಗೋಡೆಗೆ ಒರಗಿಸಿ, ಮಡಿಸಿದ ಕಂಬಳಿ ಮೇಲೆ ತೋಳು ಇಟ್ಟು, ತೋಳಿಗೆ ಸುತ್ತುವ ಬಿಪಿ ಪಟ್ಟಿ (ಕಫ್) ಎದೆಯ ಮಟ್ಟಕ್ಕೆ ಬರೋ ಹಾಗೆ ನೋಡಿಕೊಂಡು, ಐದು ನಿಮಿಷ ಮಾತಾಡಿಸದೆ ಬಿಟ್ಟು ಆಮೇಲೆ ನೋಡಬೇಕು. 140/90 ಬಂತು ಅಂತ ತಕ್ಷಣ 'ನಿಮಗೆ ಬಿಪಿ ಇದೆ' ಅನ್ನಬಾರದು, ತುಂಬಾ ಜಾಸ್ತಿ ಇಲ್ಲದಿದ್ದರೆ ಇನ್ನೊಂದು ದಿನ ಬಂದು ಮತ್ತೆ ನೋಡಬೇಕು. ಅಂದರೆ ಅದೇ ಮನೆಗೆ ವಾಪಸ್ ಹೋಗಲೇಬೇಕು, ಅಲ್ವಾ?

ನಾನು ಪಟ್ಟು ಹಿಡಿದಿರೋದು ಇಲ್ಲೇ. ಎಷ್ಟೋ ಕಡೆ ಮಕ್ಕಳು ದಿನಕ್ಕೊಂದು ಹೊಸ ಮನೆ ನೋಡಿ, ಆ ಮನೆಯವರ ಆರೋಗ್ಯದ ವಿವರ ಬರೆಯುವ ಫ್ಯಾಮಿಲಿ ಫೋಲ್ಡರ್ ತುಂಬಿಸಿ, ಸಹಿ ಹಾಕಿಸಿಕೊಂಡು ಬರುತ್ತಾರೆ. ಹಿಂದಿನ ಬ್ಯಾಚ್‌ನ ಫೋಲ್ಡರ್ ನೋಡಿ ಬರೆಯೋದೂ ಉಂಟು. ಇದು ನನಗೆ ಬಹಳ ಬೇಸರದ ವಿಷಯ. ನಾನು ಮನೆಗಳ ಸಂಖ್ಯೆ ಕಡಿಮೆ ಮಾಡಿ, ಅದೇ ಮನೆಗೆ ಮತ್ತೆ ಮತ್ತೆ ಕಳಿಸುತ್ತೇನೆ, ನನ್ನ ಕೈಯಲ್ಲಿರುವ ಅಂಕವನ್ನು ಎರಡನೇ ಭೇಟಿ ಆದ ಮೇಲೇ ಕೊಡುತ್ತೇನೆ.

ಯಾಕೆ ಅಂದರೆ, ಮೊದಲ ಸಲ ಹೇಳಿದ್ದು ನಡೆಯುತ್ತೋ ಇಲ್ಲವೋ ಅಂತ ಗೊತ್ತಾಗೋದೇ ಎರಡನೇ ಸಲ. ಒಬ್ಬ ವಿದ್ಯಾರ್ಥಿನಿ ಗರ್ಭಿಣಿಯೊಬ್ಬರಿಗೆ 'ಕಬ್ಬಿಣದ ಮಾತ್ರೆ ತಪ್ಪದೇ ತಗೊಳ್ಳಿ' ಅಂತ ಹೇಳಿ ಬಂದಿದ್ದಳು. ಮತ್ತೆ ಹೋದಾಗ ಸ್ಟ್ರಿಪ್ ತೋರಿಸಿ ಅಂತ ಕೇಳಿದರೆ ಎರಡು ಮೂರು ಮಾತ್ರೆ ಅಷ್ಟೇ ಖಾಲಿ. ನನ್ನ ಕಡೆ ತಿರುಗಿ ನೋಡಿದಳು, ನಾನು ಮಾತಾಡಲಿಲ್ಲ. ಆಮೇಲೆ ಅವಳೇ 'ಯಾವ ಹೊತ್ತಿಗೆ ತಗೊಳ್ತಿದ್ರಿ ಅಕ್ಕ?' ಅಂತ ಕೇಳಿದಳು. ಬೆಳಗ್ಗೆ ಟೀ ಜೊತೆ, ಕ್ಯಾಲ್ಸಿಯಂ ಮಾತ್ರೆ ಸೇರಿಸಿ ಒಟ್ಟಿಗೆ. ವಾಕರಿಕೆ ಬಂದಿದೆ, ಮಲ ಕಪ್ಪಗೆ ಹೋಗಿದ್ದಕ್ಕೆ ಅತ್ತೆಗೆ ಗಾಬರಿಯಾಗಿ ನಿಲ್ಲಿಸಿದ್ದಾರೆ. ಆಗ ಇಬ್ಬರೂ ಕೂತು ಲೆಕ್ಕ ಹಾಕಿದರು: ಕ್ಯಾಲ್ಸಿಯಂ ಊಟದ ಜೊತೆ, ಕಬ್ಬಿಣದ್ದು ರಾತ್ರಿ ಊಟ ಆಗಿ ಎರಡು ಗಂಟೆ ಬಿಟ್ಟು ಮಲಗುವಾಗ, ಟೀ ಹತ್ತಿರ ಸುಳಿಯಬಾರದು. ಮಲದ ಬಣ್ಣ ಬದಲಾಗೋದು ಮಾತ್ರೆಯಿಂದ, ಹೆದರಬೇಡಿ ಅಂತ ಅತ್ತೆಗೂ ಹೇಳಿದಳು. ನನ್ನ ಮಟ್ಟಿಗೆ ಅವಳು ನರ್ಸ್ ಆಗಿದ್ದು ಆವತ್ತು.

ಇನ್ನೊಂದು ತೊಂದರೆ ಹೊತ್ತಿನದು. ಮದ್ದೂರು ಕಡೆ ಹೆಂಗಸರು ಬೆಳಗ್ಗೆಯೇ ವ್ಯಾನ್ ಹತ್ತಿ ಗಾರ್ಮೆಂಟ್ಸ್‌ಗೆ ಹೋಗಿಬಿಡುತ್ತಾರೆ. ಕಾಲೇಜು ಬಸ್ಸು ಹತ್ತು ಗಂಟೆಗೆ ತಲುಪಿದರೆ ಮನೆಯಲ್ಲಿ ಇರೋರು ವಯಸ್ಸಾದವರು ಮಾತ್ರ. 30 ದಾಟಿದವರ ಬಿಪಿ, ಶುಗರ್ ನೋಡಿ ಅಂತ ಸರ್ಕಾರ ಹೇಳುತ್ತೆ, ಆ ವಯಸ್ಸಿನವರೇ ಸಿಗಲ್ಲ. ಪ್ರಿನ್ಸಿಪಾಲ್ ಹತ್ತಿರ ಕೂತು ಮಾತಾಡಿ, ವಾರಕ್ಕೊಂದು ದಿನ ಮಧ್ಯಾಹ್ನ ಊಟ ಆದ ಮೇಲೆ ಹೊರಟು ಸಂಜೆ ಮುಗಿಸಿ ಬರೋ ಹಾಗೆ ಮಾಡಿಸಿಕೊಂಡೆ. ಅಪ್ಪ ಅಮ್ಮಂದಿರು ಹೆದರಿದರು, ಅದು ಸಹಜ. ಒಪ್ಪಿಗೆ ಪತ್ರ ತಗೊಂಡು, ಜೊತೆಗೆ ನಾನೇ ಇದ್ದು, ಹಾಸ್ಟೆಲ್ ವಾರ್ಡನ್‌ಗೂ ತಿಳಿಸಿದ ಮೇಲೆ ನಡೆಯಿತು.

ಆಶಾ ಅಕ್ಕ, ಅಂದರೆ ಊರಿನ ಆಶಾ ಕಾರ್ಯಕರ್ತೆ, ಇಲ್ಲದೆ ನಾವು ಯಾರ ಮನೆಗೂ ಹೋಗುವುದಿಲ್ಲ. ಯಾರ ಮನೆಯಲ್ಲಿ ಬಾಣಂತಿ, ಯಾರಿಗೆ ಮಾತ್ರೆ ಮುಗಿದಿದೆ, ಎಲ್ಲ ಅವರಿಗೆ ಗೊತ್ತು. ಪೋಸ್ಟಿಂಗ್ (ಹಳ್ಳಿಯಲ್ಲಿ ಮಾಡುವ ತರಬೇತಿ) ಮೊದಲ ದಿನ ಮಕ್ಕಳಿಗೆ ಊರಿನ ಬಗ್ಗೆ ಹೇಳಿಕೊಡೋದು ಅವರೇ, ನಾನೂ ಕೂತು ಬರೆದುಕೊಳ್ಳುತ್ತೇನೆ. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳನ್ನು ಕನ್ನಡ ಬರುವವರ ಜೊತೆ ಜೋಡಿ ಮಾಡುತ್ತೇನೆ, ಆದರೂ ಪ್ರಶ್ನೆ ಅವರೇ ಕೇಳಬೇಕು, ತಡವರಿಸಿದರೂ ಪರವಾಗಿಲ್ಲ.

ಪೋಸ್ಟಿಂಗ್ ಮುಗಿಯುವಾಗ ಯಾರ ಬಿಪಿ ಮತ್ತೆ ನೋಡಬೇಕು, ಯಾರ ಮಾತ್ರೆ ನಿಂತಿದೆ ಅನ್ನೋ ಪಟ್ಟಿ ಮಾಡಿ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೂ (ಸಿಎಚ್‌ಒ) ಆಶಾ ಅಕ್ಕನಿಗೂ ಕೊಡುತ್ತೇವೆ. ಒಂದು ಪ್ರತಿ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಇರುತ್ತದೆ. ಮುಂದಿನ ಬ್ಯಾಚ್ ಆ ಮನೆಗಳಿಂದಲೇ ಶುರು ಮಾಡುತ್ತದೆ.