ಎದೆಬಡಿತದ ಲಯ ತಪ್ಪಿದಾಗ: ಅಬ್ಲೇಶನ್‌ಗೆ ಒಪ್ಪುವ ಮೊದಲು

ಅಬ್ಲೇಶನ್ ಎಂದರೆ ಹೃದಯದೊಳಗೆ ಲಯ ತಪ್ಪಿಸುವ ಜಾಗವನ್ನು ಹುಡುಕಿ ನಿಷ್ಕ್ರಿಯಗೊಳಿಸುವ ಚಿಕಿತ್ಸೆ. ಅದನ್ನು ಮಾಡಿಸಿಕೊಳ್ಳಬೇಕೇ ಬೇಡವೇ ಎಂದು ಯೋಚಿಸುವ ಮೊದಲು, ನಿಮ್ಮ ಹೃದಯದಲ್ಲಿ ಯಾವ ಬಗೆಯ ಲಯ ತಪ್ಪಿದೆ ಎಂಬುದು ಇಸಿಜಿ ಕಾಗದದ ಮೇಲೆ ಖಚಿತವಾಗಿರಬೇಕು. ‘ಎದೆ ಹೊಡೆದುಕೊಳ್ಳುತ್ತದೆ’ ಎಂಬ ಒಂದೇ ದೂರಿನ ಹಿಂದೆ ಹಲವು ಕಾರಣಗಳಿರಬಹುದು. ಅವುಗಳಲ್ಲಿ ಕೆಲವಕ್ಕೆ ಅಬ್ಲೇಶನ್ ಬಹುಮಟ್ಟಿಗೆ ಶಾಶ್ವತ ಪರಿಹಾರ, ಕೆಲವಕ್ಕೆ ತಕ್ಕಮಟ್ಟಿನ ಉಪಶಮನ. ರಕ್ತಹೀನತೆಯಿಂದಲೋ ಥೈರಾಯ್ಡ್ ಹೆಚ್ಚಾಗಿಯೋ ಆತಂಕದಿಂದಲೋ ಬಡಿತ ಜೋರಾಗಿದ್ದರೆ ಮೊದಲು ನೋಡಬೇಕಾದದ್ದು ಆ ಕಾರಣವನ್ನು. ಹೀಗಾಗಿ ಮುಂದಿನ ಸಲ ತೊಂದರೆ ಕಾಣಿಸಿಕೊಂಡಾಗ, ಅದು ನಿಲ್ಲುವ ಮೊದಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ, ಪ್ರತಿಯನ್ನು ಕೇಳಿ ಪಡೆದು ಜೋಪಾನವಾಗಿಡಿ. ಬಡಿತ ಸರಿಹೋದ ಮೇಲೆ ತೆಗೆದ ಹತ್ತು ಇಸಿಜಿಗಳಿಗಿಂತ ಬಡಿತ ತಪ್ಪಿರುವಾಗ ತೆಗೆದ ಒಂದು ಇಸಿಜಿ ವೈದ್ಯರಿಗೆ ಹೆಚ್ಚು ಉಪಯುಕ್ತ. ತಿಂಗಳಿಗೊಮ್ಮೆ ಬರುವ ತೊಂದರೆಯು ಮೈಗೆ ಕಟ್ಟಿಕೊಂಡು ಓಡಾಡುವ 24 ಗಂಟೆಯ ಇಸಿಜಿ ಯಂತ್ರವಾದ ಹೋಲ್ಟರ್‌ನಲ್ಲಿ ಸಿಕ್ಕದೆ ಹೋಗುವುದು ಸಾಮಾನ್ಯ. ಅಂಥವರು ಹೆಚ್ಚು ದಿನ ಕಟ್ಟಿಕೊಳ್ಳುವ ಯಂತ್ರದ ಬಗ್ಗೆ ಕೇಳಬೇಕು.

ಇಸಿಜಿಯಲ್ಲಿ ಕಾಣುವುದು ಎಸ್‌ವಿಟಿ (ಸುಪ್ರಾವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ) ಆಗಿದ್ದರೆ ನಿರ್ಧಾರ ಸುಲಭ. ಇದರಲ್ಲಿ ಬಡಿತ ಇದ್ದಕ್ಕಿದ್ದಂತೆ ನಿಮಿಷಕ್ಕೆ 150ರಿಂದ 200ರವರೆಗೂ ಏರಿ, ಗುಂಡಿ ಒತ್ತಿದಂತೆ ತಟ್ಟನೆ ನಿಲ್ಲುತ್ತದೆ. ಹೆಚ್ಚಾಗಿ ಇದಕ್ಕೆ ಕಾರಣ ಹುಟ್ಟಿನಿಂದಲೇ ಇರುವ ಒಂದು ಹೆಚ್ಚುವರಿ ವಿದ್ಯುತ್ ಮಾರ್ಗ. ತೊಡೆಸಂದಿನ ರಕ್ತನಾಳದ ಮೂಲಕ ಕ್ಯಾತಿಟರ್ ಎಂಬ ತೆಳುವಾದ ಕೊಳವೆಗಳನ್ನು ಹೃದಯಕ್ಕೆ ಕಳಿಸಿ, ಸಣ್ಣ ವಿದ್ಯುತ್ ಪ್ರಚೋದನೆಯಿಂದ ಅದೇ ತೊಂದರೆಯನ್ನು ವೈದ್ಯರು ಬೇಕೆಂದೇ ಹುಟ್ಟಿಸುತ್ತಾರೆ. ರೋಗಿ ಎಚ್ಚರವಾಗಿದ್ದರೆ ‘ಇದೇ, ಮನೆಯಲ್ಲಿ ಆಗುವುದು ಇದೇ’ ಎಂದು ಮೇಜಿನ ಮೇಲೆ ಮಲಗಿದಲ್ಲಿಂದಲೇ ಹೇಳುವುದುಂಟು. ಆ ಮಾರ್ಗವನ್ನು ಗುರುತಿಸಿ, ಕ್ಯಾತಿಟರ್‌ನ ತುದಿಯ ಶಾಖದಿಂದ ಸುಟ್ಟ ಮೇಲೆ, ಮತ್ತೆ ಪ್ರಚೋದಿಸಿದರೂ ತೊಂದರೆ ಹುಟ್ಟದಿದ್ದರೆ ಕೆಲಸವಾದಂತೆ. ಸಾಮಾನ್ಯ ಬಗೆಯ ಎಸ್‌ವಿಟಿಗಳಲ್ಲಿ ನೂರಕ್ಕೆ 90ರಿಂದ 95ಕ್ಕೂ ಹೆಚ್ಚು ಮಂದಿಗೆ ಒಂದೇ ಸಲಕ್ಕೆ ಗುಣವಾಗುತ್ತದೆ. ಸುಡುವ ಜಾಗವು ಹೃದಯದ ಸಹಜ ವಿದ್ಯುತ್ ಮಾರ್ಗಕ್ಕೆ ತೀರಾ ಹತ್ತಿರವಿದ್ದಾಗ ಆ ಮಾರ್ಗಕ್ಕೇ ಪೆಟ್ಟಾಗಿ ಪೇಸ್‌ಮೇಕರ್ ಹಾಕಬೇಕಾಗುವ ಸಂಭವವಿದೆ. ಅದು ಸುಮಾರು ನೂರಕ್ಕೆ ಒಂದು ಅಥವಾ ಅದಕ್ಕೂ ಕಡಿಮೆ.

ಆದರೂ ಎಸ್‌ವಿಟಿ ಇರುವ ಎಲ್ಲರೂ ಅಬ್ಲೇಶನ್ ಮಾಡಿಸಿಕೊಳ್ಳಲೇಬೇಕೆಂದಿಲ್ಲ. ವರ್ಷಕ್ಕೊಮ್ಮೆ ಬಂದು ಕೆಲವೇ ನಿಮಿಷಗಳಲ್ಲಿ ಹೋಗುವುದಾದರೆ ಅದನ್ನು ನಿಲ್ಲಿಸುವ ಉಪಾಯ ಕಲಿತರೆ ಸಾಕಾಗಬಹುದು. 10 ಮಿಲಿಯ ಖಾಲಿ ಸಿರಿಂಜಿನ ತುದಿಗೆ ಬಾಯಿಟ್ಟು, ಒಳಗಿನ ಪಿಸ್ಟನ್ ಸರಿಯುವಷ್ಟು ಜೋರಾಗಿ 15 ಸೆಕೆಂಡು ಊದಿ, ಕೂಡಲೇ ಅಂಗಾತ ಮಲಗಿ, ಇನ್ನೊಬ್ಬರಿಂದ ಕಾಲುಗಳನ್ನು 15 ಸೆಕೆಂಡು ಎತ್ತಿಹಿಡಿಸಿಕೊಳ್ಳುವ ಕ್ರಮವಿದು. 2015ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯಲ್ಲಿ ಈ ಕ್ರಮದಿಂದ ನೂರಕ್ಕೆ 43 ಮಂದಿಯ ಬಡಿತ ಸರಿಹೋಯಿತು, ಕುಳಿತು ಊದುವ ಹಳೆಯ ಕ್ರಮದಿಂದ 17 ಮಂದಿಯದು ಮಾತ್ರ. ವೈದ್ಯರ ಮುಂದೆ ಒಮ್ಮೆ ಮಾಡಿ ತೋರಿಸಿಕೊಂಡು ಮನೆಯಲ್ಲಿ ಬಳಸಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಪದೇ ಪದೇ ಆಸ್ಪತ್ರೆಗೆ ಓಡಬೇಕಾಗುವವರು, ತಲೆ ಸುತ್ತಿ ಬೀಳುವವರು, ಬಸ್ಸು ಲಾರಿ ಓಡಿಸುವಂಥ ಕೆಲಸದವರು, ಮತ್ತು ಮುಂದೆ ಬಸಿರಾಗಬಯಸುವ ಹೆಣ್ಣುಮಕ್ಕಳು ಮುಂದೂಡದಿರುವುದು ಒಳ್ಳೆಯದು. ಬಸಿರಿನಲ್ಲಿ ಎಸ್‌ವಿಟಿ ಹೆಚ್ಚಾಗುವುದುಂಟು, ಆಗ ಮಾತ್ರೆಯ ಆಯ್ಕೆಯೂ ಕಡಿಮೆ. ಇಸಿಜಿಯಲ್ಲಿ ಡಬ್ಲ್ಯುಪಿಡಬ್ಲ್ಯು (ಹೆಚ್ಚುವರಿ ವಿದ್ಯುತ್ ಮಾರ್ಗವು ಇಸಿಜಿಯಲ್ಲೇ ಕಾಣುವ ಸ್ಥಿತಿ) ಎಂದು ಬರೆದಿದ್ದು ತೊಂದರೆಯೂ ಕಾಣಿಸಿಕೊಂಡಿದ್ದರೆ ಅಬ್ಲೇಶನ್ನೇ ಮೊದಲ ಆಯ್ಕೆ, ಏಕೆಂದರೆ ಅದರಲ್ಲಿ ಅಪರೂಪಕ್ಕಾದರೂ ಜೀವಕ್ಕೇ ಅಪಾಯವಿದೆ.

ನಿಜವಾಗಿ ತಲೆ ಕೆಡಿಸುವುದು ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ಲಯವಿಲ್ಲದೆ ಅದುರುವ ಸ್ಥಿತಿ. 1998ರಲ್ಲಿ ಫ್ರಾನ್ಸಿನ ಬೋರ್ಡೋದ ಮಿಶೆಲ್ ಹೈಸಾಗೆರ್ ಮತ್ತು ಸಂಗಡಿಗರು, ಇದನ್ನು ಹೊತ್ತಿಸುವ ಕಿಡಿಗಳು ಬಹುಪಾಲು ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಳಗಳ ಬಾಯಲ್ಲಿರುತ್ತವೆ ಎಂದು ತೋರಿಸಿದರು. ಇಂದಿನ ಅಬ್ಲೇಶನ್ ಆ ನಾಳಗಳ ಸುತ್ತ ಕಲೆಗಟ್ಟಿಸಿ, ಕಿಡಿ ಒಳಗೆ ಬಾರದಂತೆ ತಡೆಯುತ್ತದೆ. ಆಗಾಗ ಬಂದು ತಾನಾಗಿ ಹೋಗುವ ಬಗೆಯಲ್ಲಿ ಒಂದೇ ಸಲದ ಅಬ್ಲೇಶನ್‌ನಿಂದ ನೂರಕ್ಕೆ ಸುಮಾರು 70 ಮಂದಿಗೆ ಒಂದು ವರ್ಷದ ಮಟ್ಟಿಗೆ ತೊಂದರೆ ಮರುಕಳಿಸುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಬಿಡದೆ ಇರುವ ಬಗೆಯಲ್ಲಿ ಫಲ ಇನ್ನೂ ಕಡಿಮೆ. ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯಲ್ಲಿ ಎಡ ಮೇಲ್ಕೋಣೆ ಬಹಳ ಹಿಗ್ಗಿದೆ ಎಂದಿದ್ದರೆ ಮತ್ತಷ್ಟು ಕಡಿಮೆ. ಎರಡನೆಯ ಸಲ ಮಾಡಬೇಕಾಗಬಹುದು ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿ ಬಹಳ ಮಂದಿ ತಪ್ಪು ತಿಳಿಯುವ ಒಂದು ವಿಷಯವಿದೆ, ಅದನ್ನು ಒತ್ತಿ ಹೇಳಬೇಕು. ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯದಂತೆ ತಡೆಯುವ ಮಾತ್ರೆಯನ್ನು ನಿಲ್ಲಿಸಬಹುದೆಂಬ ಆಸೆಯಿಂದ ಅಬ್ಲೇಶನ್‌ಗೆ ಒಪ್ಪಬೇಡಿ. ಅಬ್ಲೇಶನ್ ಆದ ಮೇಲೆ ಕನಿಷ್ಠ ಎರಡು ಮೂರು ತಿಂಗಳು ಆ ಮಾತ್ರೆ ಎಲ್ಲರಿಗೂ ಬೇಕು. ಆಮೇಲೆ ಅದು ಬೇಕೇ ಎಂಬುದನ್ನು ವೈದ್ಯರು ಮುಖ್ಯವಾಗಿ ನಿಮ್ಮ ವಯಸ್ಸು, ಬಿಪಿ, ಸಕ್ಕರೆ ಕಾಯಿಲೆ, ಹೃದಯ ದೌರ್ಬಲ್ಯ, ಹಿಂದೆ ಆದ ಲಕ್ವ ಇವುಗಳನ್ನು ನೋಡಿ ತೀರ್ಮಾನಿಸುತ್ತಾರೆ. ಬಡಿತ ಸರಿಯಾಗಿದೆ ಎಂಬುದಷ್ಟನ್ನೇ ನೋಡಿ ಅಲ್ಲ. ಮಾತ್ರೆ ಬಿಟ್ಟು ಲಕ್ವ ಹೊಡೆಸಿಕೊಳ್ಳುವುದು ತಡೆಯಬಹುದಾದ ದುರಂತ.

ಹಾಗಾದರೆ ಅಬ್ಲೇಶನ್‌ನಿಂದ ಸಿಗುವುದೇನು? 2019ರಲ್ಲಿ ಪ್ರಕಟವಾದ ಕಬಾನಾ ಅಧ್ಯಯನದಲ್ಲಿ 2,204 ರೋಗಿಗಳನ್ನು ಅಬ್ಲೇಶನ್ ಮತ್ತು ಔಷಧಿಯ ಎರಡು ಗುಂಪುಗಳಾಗಿ ಹಂಚಲಾಗಿತ್ತು. ಸಾವು, ತೀವ್ರ ಲಕ್ವ, ಗಂಭೀರ ರಕ್ತಸ್ರಾವ, ಹೃದಯಸ್ತಂಭನ ಇವುಗಳ ಒಟ್ಟು ಲೆಕ್ಕದಲ್ಲಿ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತೊಂದರೆ ಮರುಕಳಿಸುವುದು ಕಡಿಮೆಯಾಗಿ ದಿನನಿತ್ಯದ ಬದುಕು ಮಾತ್ರ ಅಬ್ಲೇಶನ್ ಗುಂಪಿನಲ್ಲಿ ಹೆಚ್ಚು ಸುಧಾರಿಸಿತು. ಆದ್ದರಿಂದ ಮೆಟ್ಟಿಲು ಹತ್ತಲು ಆಗುತ್ತಿಲ್ಲವೇ, ರಾತ್ರಿ ನಿದ್ದೆ ಕೆಡುತ್ತಿದೆಯೇ, ಕೆಲಸ ತಪ್ಪುತ್ತಿದೆಯೇ ಎಂಬುದೇ ಹೆಚ್ಚಿನವರಿಗೆ ನಿರ್ಣಾಯಕ. ಏನೂ ತೊಂದರೆಯಿಲ್ಲದೆ, ಬೇರೆ ಯಾವುದಕ್ಕೋ ಇಸಿಜಿ ತೆಗೆದಾಗ ಗೊತ್ತಾದ ಎಪ್ಪತ್ತೆಂಟರ ಹಿರಿಯರಿಗೆ, ಬಡಿತದ ವೇಗ ಹಿಡಿತದಲ್ಲಿದ್ದರೆ, ಅಬ್ಲೇಶನ್‌ನಿಂದ ಸಿಗುವ ಲಾಭ ಸಾಮಾನ್ಯವಾಗಿ ಅಲ್ಪ. ಹೃದಯದ ಪಂಪಿಂಗ್ ಶಕ್ತಿ ಕುಗ್ಗಿರುವವರ ಲೆಕ್ಕ ಬೇರೆ: 2018ರ ಕ್ಯಾಸಲ್-ಎಎಫ್ ಅಧ್ಯಯನದಲ್ಲಿ ಅಂಥವರಲ್ಲಿ ಸಾವು ಮತ್ತು ಆಸ್ಪತ್ರೆ ಸೇರುವಿಕೆ ಎರಡೂ ಅಬ್ಲೇಶನ್‌ನಿಂದ ಕಡಿಮೆಯಾದವು. ಮಾತ್ರೆಗಳು ನಾಟದಿದ್ದರೂ, ಲಯ ಹಿಡಿದಿಡಲು ಕೊಡುವ ಅಮಿಯೋಡರೋನ್ ಮಾತ್ರೆಯಿಂದ ಥೈರಾಯ್ಡ್ ಅಥವಾ ಶ್ವಾಸಕೋಶಕ್ಕೆ ತೊಂದರೆಯಾಗಿದ್ದರೂ ಅಬ್ಲೇಶನ್ ಕಡೆಗೆ ತಕ್ಕಡಿ ವಾಲುತ್ತದೆ.

ನಮ್ಮಲ್ಲಿ ಇನ್ನೊಂದು ಮುಖ್ಯ ಪ್ರಶ್ನೆ ಕವಾಟದ್ದು. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ ಈ ತೊಂದರೆ ಬಂದಿದ್ದರೆ ಮೊದಲು ನೋಡಬೇಕಾದದ್ದು ಕವಾಟವನ್ನು. ಅದನ್ನು ಹಾಗೇ ಬಿಟ್ಟು ಅಬ್ಲೇಶನ್ ಮಾಡಿದರೆ ಫಲ ನಿಲ್ಲುವುದು ಕಷ್ಟ. ಇಂಥವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಬಗೆಯ ಮಾತ್ರೆಗಳಿಗಿಂತ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗವನ್ನು ಅಳೆಯುವ ಪರೀಕ್ಷೆ) ನೋಡಿಕೊಂಡು ಕೊಡುವ ಅಸಿಟ್ರೋಮ್, ವಾರ್ಫರಿನ್‌ಗಳೇ ಸೂಕ್ತ ಎಂಬುದನ್ನು 2022ರ ಇನ್‌ವಿಕ್ಟಸ್ ಅಧ್ಯಯನ ಬಲಪಡಿಸಿದೆ.

ತೂಕ, ಬಿಪಿ, ಮದ್ಯ ಮತ್ತು ಗೊರಕೆಯ ವಿಚಾರವನ್ನು ಉಪದೇಶವೆಂದು ತಳ್ಳಿಹಾಕಬೇಡಿ. 2015ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಬಂದ ವರದಿಯಲ್ಲಿ, ತೂಕ ಹೆಚ್ಚಿದ್ದವರು ನೂರಕ್ಕೆ ಹತ್ತರಷ್ಟು ಇಳಿಸಿ ಹಾಗೆಯೇ ಉಳಿಸಿಕೊಂಡಾಗ ಈ ತೊಂದರೆ ಬಹಳವಾಗಿ ತಗ್ಗಿತ್ತು. ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ ಜೋರಾಗಿ ಗೊರಕೆ ಹೊಡೆಯುತ್ತೀರೆಂದು ಮನೆಯವರು ಹೇಳುತ್ತಿದ್ದರೆ ಅದರ ಪರೀಕ್ಷೆಯಾಗಲಿ. ಇವನ್ನು ಸರಿಪಡಿಸಿಕೊಂಡು ಅಬ್ಲೇಶನ್‌ಗೆ ಹೋದವರಿಗೆ ಫಲ ಹೆಚ್ಚು ಕಾಲ ನಿಲ್ಲುತ್ತದೆ.

ಅಪಾಯಗಳನ್ನು ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಿ. ತೊಡೆಸಂದಿನಲ್ಲಿ ರಕ್ತ ಸೋರಿ ಊದಿಕೊಳ್ಳುವುದು ಸಾಮಾನ್ಯವಾದದ್ದು. ಹೃದಯದ ಗೋಡೆಗೆ ತೂತಾಗಿ ಸುತ್ತ ರಕ್ತ ತುಂಬಿಕೊಳ್ಳುವುದು ಸುಮಾರು ನೂರಕ್ಕೆ ಒಬ್ಬರಿಗೆ ಆಗಬಹುದು. ಕೂಡಲೇ ಕಂಡುಹಿಡಿದರೆ ಸೂಜಿಯಿಂದ ತೆಗೆಯಬಹುದು. ಲಕ್ವ ಇದಕ್ಕಿಂತ ಅಪರೂಪ. ಅನ್ನನಾಳಕ್ಕೂ ಹೃದಯಕ್ಕೂ ನಡುವೆ ರಂಧ್ರವಾಗುವುದು ತೀರಾ ವಿರಳವಾದರೂ ಮಾರಕ. ಮನೆಗೆ ಬಂದ ಎರಡು ತಿಂಗಳೊಳಗೆ ಜ್ವರ, ನುಂಗುವಾಗ ನೋವು, ಎದೆನೋವು, ಮಾತು ತೊದಲುವಿಕೆ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ ಅಬ್ಲೇಶನ್ ಆಗಿರುವುದನ್ನು ಮೊದಲು ಹೇಳಬೇಕು. ಆಗ ಬೇಕಾದದ್ದು ಎದೆಯ ಸಿಟಿ ಸ್ಕ್ಯಾನ್; ಎಂಡೋಸ್ಕೋಪಿ ಮಾಡಬಾರದು. ಶಾಖದ ಬದಲು ಕ್ಷಣಮಾತ್ರದ ವಿದ್ಯುತ್ ಮಿಡಿತಗಳನ್ನು ಬಳಸುವ ಪಲ್ಸ್‌ಡ್ ಫೀಲ್ಡ್ ಎಂಬ ಹೊಸ ವಿಧಾನದಲ್ಲಿ ಅನ್ನನಾಳಕ್ಕೆ ಪೆಟ್ಟಾಗುವ ಭಯ ಕಡಿಮೆ, ಆದರೆ ಖರ್ಚು ಹೆಚ್ಚು.

ವೈದ್ಯರ ಆಯ್ಕೆಯ ವಿಷಯದಲ್ಲಿ ಸಂಕೋಚ ಬೇಡ. ಸ್ಟೆಂಟ್ ಹಾಕುವ ಎಲ್ಲ ಹೃದ್ರೋಗ ತಜ್ಞರೂ ಅಬ್ಲೇಶನ್ ಮಾಡುವುದಿಲ್ಲ. ಅದಕ್ಕೆ ಹೃದಯದ ವಿದ್ಯುತ್ ವ್ಯವಸ್ಥೆಯ ವಿಭಾಗವಾದ ಎಲೆಕ್ಟ್ರೋಫಿಸಿಯಾಲಜಿಯಲ್ಲಿ ಪ್ರತ್ಯೇಕ ತರಬೇತಿ ಬೇಕು. ‘ನನ್ನಂಥವರಿಗೆ ಈ ಅಬ್ಲೇಶನ್‌ನ್ನು ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ, ಡಾಕ್ಟರೇ? ನನ್ನ ವಿಷಯದಲ್ಲಿ ಫಲ ಎಷ್ಟು ನಿರೀಕ್ಷಿಸಬಹುದು? ತೊಂದರೆಯಾದರೆ ಇದೇ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸಕರು ಇರುತ್ತಾರೆಯೇ?’ ಎಂದು ಮರ್ಯಾದೆಯಿಂದಲೇ ಕೇಳಬಹುದು. ಬಿಲ್ಲಿನ ದೊಡ್ಡ ಪಾಲು ಕ್ಯಾತಿಟರ್‌ಗಳದ್ದೇ ಆಗಿರುವುದರಿಂದ, ಹೃದಯದೊಳಗಿನ ವಿದ್ಯುತ್ ಹರಿವಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬಿಡಿಸುವ ತ್ರೀಡಿ ಮ್ಯಾಪಿಂಗ್ ನಿಮಗೆ ಅಗತ್ಯವೇ, ಎರಡನೆಯ ಸಲ ಮಾಡಬೇಕಾದರೆ ಎಷ್ಟಾಗುತ್ತದೆ ಎಂಬುದನ್ನು ಬರೆಸಿಕೊಳ್ಳಿ. ಸರಕಾರದ ಆರೋಗ್ಯ ಯೋಜನೆಯ ಕಾರ್ಡ್ ಅಥವಾ ವಿಮೆ ಇದ್ದರೆ ಆಸ್ಪತ್ರೆಯ ಸಹಾಯ ಕೌಂಟರಿನಲ್ಲಿ ಮೊದಲೇ ವಿಚಾರಿಸಿ. ಎರಡನೆಯ ಅಭಿಪ್ರಾಯಕ್ಕೆ ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗೆ ಇಸಿಜಿ ಮತ್ತು ಎಕೋ ವರದಿಗಳೊಂದಿಗೆ ಹೋಗಬಹುದು.

ಅವಸರ ಬೇಡ. ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಕೆಲವು ತಿಂಗಳು ಔಷಧಿಯಲ್ಲಿದ್ದು ಯೋಚಿಸುವುದರಿಂದ ಸಾಮಾನ್ಯವಾಗಿ ನಷ್ಟವಿಲ್ಲ. ವರ್ಷಗಟ್ಟಲೆ ಎಳೆದರೆ ಮೇಲ್ಕೋಣೆ ಹಿಗ್ಗುತ್ತಾ ಹೋಗಿ ಫಲ ಕುಂದುತ್ತದೆ. ಸದ್ಯಕ್ಕೆ ಬೇಡ ಎಂದು ತೀರ್ಮಾನಿಸಿದರೆ ಮತ್ತೆ ಯಾವಾಗ ಈ ವಿಚಾರ ಎತ್ತಬೇಕೆಂದು ವೈದ್ಯರೊಂದಿಗೆ ಮಾತಾಡಿಕೊಂಡು, ಮುಂದಿನ ಎಕೋದ ದಿನಾಂಕವನ್ನು ಅಂದೇ ಗೊತ್ತುಮಾಡಿಕೊಳ್ಳಿ. ಮಾಡಿಸಿಕೊಂಡವರು, ಮೊದಲ ಎರಡು ಮೂರು ತಿಂಗಳಲ್ಲಿ ಎದೆಬಡಿತ ಮತ್ತೆ ತಪ್ಪಿದರೆ ಅಬ್ಲೇಶನ್ ವಿಫಲವಾಯಿತೆಂದು ಧೃತಿಗೆಡಬಾರದು. ಸುಟ್ಟ ಜಾಗದ ಉರಿಯೂತ ಆರುವವರೆಗೆ ಹೀಗಾಗುವುದುಂಟು, ಫಲವನ್ನು ಅಳೆಯುವುದು ಆ ಅವಧಿ ಕಳೆದ ಮೇಲೆ.