ಮಳೆಯ ಸೆಂಟಿನಲ್ಲಿ ದಶಮಾಂಶ ಕಲಿಸಿ

0.45 ದೊಡ್ಡದೋ 0.8 ದೊಡ್ಡದೋ ಎಂದು ಕೇಳಿದರೆ ಐದು, ಆರನೇ ತರಗತಿಯ ಎಷ್ಟೋ ಮಕ್ಕಳು 0.45 ಎನ್ನುತ್ತಾರೆ. ಎಂಟಕ್ಕಿಂತ ನಲವತ್ತೈದು ದೊಡ್ಡದಲ್ಲವೇ ಎಂಬುದು ಅವರ ವಾದ. ಮೂಡಿಗೆರೆ, ಸಕಲೇಶಪುರದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಲು ಮಳೆ ಲೆಕ್ಕವೇ ಸರಿ. ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲೇ ಹೇಳುತ್ತಾರೆ. 100 ಸೆಂಟಿಗೆ 1 ಇಂಚು.

ರೈನ್‌ಗೇಜ್ ಮಕ್ಕಳೇ ಮಾಡಲಿ, ಕತ್ತರಿಸುವುದು ಮಾತ್ರ ದೊಡ್ಡವರು. ಪಕ್ಕ ನೇರವಾಗಿರುವ 2 ಲೀಟರ್ ಬಾಟಲಿಯನ್ನು, ಕುತ್ತಿಗೆ ಇಳಿದು ಪೂರ್ತಿ ಅಗಲವಾದ ಕಡೆ ಕತ್ತರಿಸಿ. ಮೇಲಿನ ತುಂಡಿನ ಮುಚ್ಚಳ ತೆಗೆದು ತಲೆಕೆಳಗಾಗಿ ಒಳಗೆ ಕೂರಿಸಿ. ಬಾಟಲಿಯ ತಳ ಸಮ ಇರುವುದಿಲ್ಲ, ಅಲ್ಲಿಂದ ಅಳೆದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಸ್ವಲ್ಪ ಜಲ್ಲಿಕಲ್ಲು ಹಾಕಿ, ಕಲ್ಲು ಮುಳುಗಿ ನೇರ ಭಾಗ ಮುಟ್ಟುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಇಂಚಿನ ಪಟ್ಟಿ ಅಂಟಿಸಿ. ಪ್ರತಿ ಇಂಚಿಗೆ 10 ಭಾಗ, ಭಾಗಕ್ಕೆ 10 ಸೆಂಟು. ಮೇಲೆ ಅಗಲ ಟೇಪ್ ಸುತ್ತದಿದ್ದರೆ ಮೊದಲ ಮಳೆಗೇ ಶಾಯಿ ಹೋಗುತ್ತದೆ.

ಮರವೋ ಸೂರೋ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟು ದೂರದಲ್ಲಿ, ಗಾಳಿಗೆ ಉರುಳದಂತೆ ಇಟ್ಟಿಗೆಗಳ ನಡುವೆ ಇಡಿ. ದಿನವೂ ಬೆಳಿಗ್ಗೆ 8.30ಕ್ಕೆ ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಿ, ನೀರನ್ನು ಮತ್ತೆ ಸೊನ್ನೆಗೆ ತನ್ನಿ. ಮಳೆ ಬಾರದ ದಿನವೂ ನೋಡಿ. ಬಿಸಿಲಿಗೆ ನೀರು ಇಂಗಿರುತ್ತದೆ.

ಇನ್ನು ಗಣಿತ. ಉದ್ದ 10, ಅಡ್ಡ 10 ಚೌಕದ ಹಾಳೆ ಒಂದು ಇಂಚು, ಒಂದು ಚೌಕ ಒಂದು ಸೆಂಟು. 0.8ಕ್ಕೆ ಎಂಟು ಸಾಲು ಬಣ್ಣ ಹಚ್ಚಿದ ಮಗು 80 ಸೆಂಟು ಕಾಣುತ್ತದೆ; 45ರ ವಾದ ಅಲ್ಲಿಗೆ ನಿಲ್ಲುತ್ತದೆ.

ಕಷ್ಟ ಇರುವುದು ಸೊನ್ನೆಯಲ್ಲಿ. ಕಾಫಿ ಹೂ ಅರಳಿಸುವ ಹೂಮಳೆ 1 ಇಂಚು 5 ಸೆಂಟು ಬಿದ್ದರೆ ಮಕ್ಕಳು 1.5 ಎಂದು ಬರೆಯುತ್ತಾರೆ. ತಕ್ಷಣ ತಿದ್ದಬೇಡಿ. ಬರೆದದ್ದಕ್ಕೇ ಬಣ್ಣ ಹಚ್ಚಲು ಹೇಳಿ: ಎರಡನೇ ಹಾಳೆ ಅರ್ಧ ತುಂಬುತ್ತದೆ. ಬಿದ್ದದ್ದು ಐದೇ ಚೌಕ, ಒಂದು ಸಾಲೂ ತುಂಬಿಲ್ಲ. ತುಂಬದ ಸಾಲಿಗೆ ಏನು ಬರೆಯಬೇಕು ಎಂದು ಕೇಳಿ ಸುಮ್ಮನಿರಿ; 1.05 ಮಗುವಿನಿಂದಲೇ ಬರಬೇಕು. ಆಮೇಲೆ ಕೂಡುವುದು ಸುಲಭ: 85 ಸೆಂಟಿಗೆ 40 ಸೇರಿದರೆ ಒಂದು ಹಾಳೆ ತುಂಬಿ 25 ಉಳಿಯುತ್ತದೆ, 1.25.

ಜಮೀನಿನ ಲೆಕ್ಕ ಇದರ ಜೊತೆ ಬೆರೆಸಬೇಡಿ. ಪಹಣಿಯ 2 ಎಕರೆ 20 ಗುಂಟೆ ಎಂದರೆ 2.20 ಅಲ್ಲ, 2.5 ಎಕರೆ, ಎಕರೆಗೆ 40 ಗುಂಟೆ. ಅದಕ್ಕೆ 40 ಚೌಕದ ಬೇರೆ ಹಾಳೆ ಬೇಕು. ಸೆಂಟಿನ ಹಾಳೆ ಕೈಗೆ ಹತ್ತಿದ ಮೇಲೆಯೇ ಅದನ್ನು ಕೊಡಿ, ಇಲ್ಲದಿದ್ದರೆ ಎರಡೂ ಕಲಸಿಹೋಗುತ್ತವೆ.